ಬಾಗಿಲಿಗೆ ಬೇವು, ತಾಯಿಗೆ ಮದ್ದು

ನಮ್ಮ ಕಡೆ ಮೈಮೇಲೆ ನೀರುಗುಳ್ಳೆ ಎದ್ದರೆ ಅದನ್ನು ರೋಗ ಎನ್ನುವುದಿಲ್ಲ, ಅಮ್ಮ ಬಂದಾಳ ಎನ್ನುತ್ತಾರೆ. ಬಂದವಳನ್ನು ಬೈಯಬಾರದು, ಸಿಟ್ಟಿಗೆಬ್ಬಿಸಬಾರದು, ಉಡಿ ತುಂಬಿ ಮರ್ಯಾದೆಯಿಂದ ಕಳಿಸಿಕೊಡಬೇಕು. ಹಾನಗಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿರಲಿ, ಈ ಮಾತಿನಲ್ಲಿ ಊರಿಂದ ಊರಿಗೆ ಭೇದವಿಲ್ಲ. ನಾನು ಹಿರೇಕೆರೂರಿನ ಮಗಳು, ಹಾನಗಲ್ಲಿನ ಸೊಸೆ. ಶಿಗ್ಗಾವಿಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು. ಸವಣೂರಿಗೆ ನಮ್ಮ ನಾದಿನಿಯನ್ನು ಕೊಟ್ಟಿದೆ. ನಾಲ್ಕೂ ಊರುಗಳಲ್ಲಿ ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪನ್ನು ನೋಡಿದ್ದೇನೆ. ಆ ಸೊಪ್ಪಿನ ಮೇಲೆ ನನಗೆ ಜಗಳವಿಲ್ಲ. ಅದು ಕಟ್ಟಿದ ಬಾಗಿಲಿನ ಒಳಗೆ ಎಳೆಗೂಸಿನ ತಾಯಿಗೆ ಆಗುವ ಅನ್ಯಾಯದ ಮೇಲೆ ನನ್ನ ಜಗಳ. ಅದನ್ನು ಇಲ್ಲಿ ಆಡಿಯೇ ತೀರುತ್ತೇನೆ, ಹಿರಿಯರು ಬೇಸರಿಸಿದರೂ ಚಿಂತೆಯಿಲ್ಲ.

ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸೀತಾಳೆ ಸಿಡುಬು ಎಂದು ಹೆಸರು, ಡಾಕ್ಟರರ ಬಾಯಲ್ಲಿ ಚಿಕನ್ ಪಾಕ್ಸ್. ಹುಡುಗರಿಗೆ ಬಂದರೆ ಅವ್ವ ಹಾಸಿಗೆಯ ಪಕ್ಕ ಕೂತು ಬೇವಿನ ಎಸಳಿನಿಂದ ಗಾಳಿ ಬೀಸುತ್ತಾಳೆ. ಗಂಡಸಿಗೆ ಬಂದರೆ ಹೆಂಡತಿ ಮಜ್ಜಿಗೆ ಗಂಜಿ ಕಾಯಿಸಿ ಬಾಯಿಗೆ ಹಿಡಿಯುತ್ತಾಳೆ. ಆರೈಕೆ ಮಾಡುವವಳೇ ಮಲಗಿದರೆ? ಅವಳ ಮಗ್ಗುಲಲ್ಲಿ ಹಾಲು ಕುಡಿಯುವ ಕೂಸೊಂದು ಇದ್ದರೆ? ಅದಕ್ಕೆ ನಮ್ಮ ಪದ್ಧತಿಯಲ್ಲಿ ಏರ್ಪಾಡೇ ಇಲ್ಲ. ಇರುವುದು ಬರೀ ಬ್ಯಾಡಗಳ ಯಾದಿ. ದವಾಖಾನೆ ಬೇಡ, ಗುಳಿಗೆ ಬೇಡ, ಮೈಗೆ ನೀರು ಬೇಡ, ಒಗ್ಗರಣೆ ಬೇಡ, ಉಪ್ಪು ಖಾರ ಬೇಡ, ಕೂಸಿಗೆ ಮೊಲೆ ಬೇಡ. ಇಷ್ಟು ಬೇಡಗಳ ನಡುವೆ ಬೇಕಾದದ್ದನ್ನು ಕೇಳುವವರು ಯಾರೂ ಇಲ್ಲ.

ನನಗೆ ಬಂದದ್ದು 1996ರ ಮಾರ್ಚ್ ತಿಂಗಳಲ್ಲಿ. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ನನಗೆ ಇಪ್ಪತ್ತಾರು ವರ್ಷ, ಮಗನಿಗೆ ಏಳು ತಿಂಗಳು. ಹಿಂದಿನ ದಿನ ಸೊಂಟ ಸೋತು ಜ್ವರ ಬಂದಿತ್ತು. ಬೆಳಗ್ಗೆ ಸೀರೆ ಉಡುವಾಗ ಹೊಟ್ಟೆಯ ಮೇಲೆ ನಾಲ್ಕು, ಬೆನ್ನ ಮೇಲೆ ಏಳೆಂಟು ಕೆಂಪು ಚುಕ್ಕೆ, ಒಂದೆರಡರಲ್ಲಿ ಆಗಲೇ ನೀರು ತುಂಬಿತ್ತು. ನಮ್ಮ ಅತ್ತೆ ನೋಡಿದವರೇ ಕೈ ಮುಗಿದರು.

"ಅಮ್ಮ ಬಂದಾಳವ್ವಾ. ಇನ್ನ ದವಾಖಾನಿ ಹೆಸರ ಎತ್ತಬ್ಯಾಡ. ಸೂಜಿ ಗೀಜಿ ಚುಚ್ಚಿಸಿಕೊಂಡ್ರ ಆಕಿ ಒಳಗ ಇಂಗತಾಳ" ಎಂದರು. ಇಂಗಿದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದೆ ಇದ್ದದ್ದಕ್ಕೇ ಅಂಜಿಕೆ ಹೆಚ್ಚು.

ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನಕ್ಕೆ ತವರಿಗೆ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದು ಕಣ್ಣೀರು ಹಾಕಿದವರು. ಆದರೆ ಆ ದಿನ ಅವರು ಕೂಸನ್ನು ಎತ್ತಿಕೊಂಡು ನಡುಮನೆಗೆ ಹೋದರು. ನನ್ನನ್ನು ಕೋಣೆಗೆ ಹಾಕಿ ಬಾಗಿಲು ಮುಂದೆ ಮಾಡಿದರು. ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಹಿಡಿದರು. ಅದು ಎಂದೂ ಬಾಟಲಿ ಕಂಡದ್ದಲ್ಲ, ಮೋರೆ ತಿರುವಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಕಟ್ಟಿ ಕಲ್ಲಾಯಿತು. ಆಗ ಏರಿದ ಜ್ವರದಲ್ಲಿ ಅಮ್ಮನದೆಷ್ಟು, ಎದೆ ಕಟ್ಟಿದ್ದೆಷ್ಟು ಎಂದು ಹೇಳುವುದು ಸಾಧ್ಯವಿರಲಿಲ್ಲ. ನಡುಮನೆಯಲ್ಲಿ ಕೂಸಿನ ಅಳು, ಕೋಣೆಯಲ್ಲಿ ಅಳು ಕೇಳಿದಾಗಲೆಲ್ಲ ರವಿಕೆ ತೊಯ್ಯುವುದು. ಹಾಲು ಕುಡಿಸಿದ ಹೆಂಗಸರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

"ಡಾಕ್ಟರನ್ನು ಕರೆಸಿರಿ, ಕೂಸನ್ನು ಕೊಡಿರಿ" ಎಂದು ನಾನು ಒಳಗಿನಿಂದಲೇ ಕೂಗಿದೆ. ನಮ್ಮ ಮನೆಯವರು ಹೊಸ್ತಿಲಲ್ಲಿ ನಿಂತು, ಅವ್ವನ ಮಾತು ಮೀರುವುದು ಹ್ಯಾಂಗ ಎಂದರು. ಹಾಗೆಂದು ನನ್ನ ಮಾತನ್ನೂ ಪೂರಾ ತೆಗೆದುಹಾಕಲಿಲ್ಲ, ಎಸ್‌ಟಿಡಿ ಬೂತಿಗೆ ಹೋಗಿ ಹಿರೇಕೆರೂರಿಗೆ ಫೋನು ಮಾಡಿದರು. ನಮ್ಮ ಚಿಗವ್ವ ಸಿಕ್ಕ ಬಸ್ಸು ಹಿಡಿದು ಬಂದಳು. ಅವಳ ಹಣೆಯ ಮೇಲೆ ಎರಡು, ಮೂಗಿನ ಮೇಲೆ ಒಂದು ಹಳೆಯ ಕುಳಿ. ಆರು ವರ್ಷದವಳಿದ್ದಾಗ ಅಮ್ಮ ಬಂದು ಹೋಗಿತ್ತು. ಚಪ್ಪಲಿ ಕಳೆದವಳೇ ಕೈಕಾಲು ತೊಳೆದು, ಕೂಸನ್ನು ಎತ್ತಿ ತಂದು ನನ್ನ ಮಗ್ಗುಲಿಗೆ ಹಾಕಿದಳು. ಅತ್ತೆ ಅಡ್ಡ ಬಂದರು.

"ಅಕ್ಕಾರ, ನನಗ ಆಕಿ ಆಗಲೇ ಬಂದು ಹೋಗ್ಯಾಳ, ನನಗೇನ ಅಂಜಿಕಿಲ್ಲ. ಆಕಿ ಬಂದಾಳ ಅಂದ್ರ ಕೂಸಿನ್ನ ಉಪಾಸ ಕೆಡವು ಅಂತ ಹೇಳ್ಯಾಳೇನ್ರೀ? ಆಕೀನೂ ತಾಯಿನ ಅಲ್ಲೇನು?"

ಅತ್ತೆಗೆ ಉತ್ತರ ಹೊಳೆಯಲಿಲ್ಲ. ಸಂಜೆ ಒಬ್ಬ ಲೇಡಿ ಡಾಕ್ಟರು ಮನೆಗೇ ಬಂದರು. ಎದೆಗೆ ನಳಿಕೆ ಇಟ್ಟು ನೋಡಿದರು, ಉಸಿರಾಟ ಎಣಿಸಿದರು, ಒಂದು ಗುಳಿಗೆಯ ಹೆಸರು ಬರೆದರು. ಹಾನಗಲ್ಲಿನ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಮೈದುನ ಹುಬ್ಬಳ್ಳಿಯ ಗೆಳೆಯನಿಗೆ ಫೋನು ಮಾಡಿ, ರಾತ್ರಿಯ ಕೊನೆಯ ಬಸ್ಸಿನ ಡ್ರೈವರ ಕೈಯಲ್ಲಿ ತರಿಸಿದ. ಗುಳ್ಳೆ ಕಂಡು ಒಂದು ದಿನ ತುಂಬುವ ಮೊದಲೇ ಮೊದಲ ಗುಳಿಗೆ ನನ್ನ ಹೊಟ್ಟೆಯಲ್ಲಿತ್ತು.

ಆ ಒಂದು ದಿನ ಎಂಬುದೇ ನನ್ನ ವಾದದ ಮೂಲ. ಗುಳಿಗೆಯ ಹೆಸರು ಎಸೈಕ್ಲೊವಿರ್. ದೊಡ್ಡವರಿಗೆ 800 ಮಿಲಿಗ್ರಾಂನಂತೆ ದಿನಕ್ಕೆ ಐದು ಸಲ, ಏಳು ದಿನ ಕೊಡುವುದು ವಾಡಿಕೆ. ಮೊದಲ ಗುಳ್ಳೆ ಕಂಡ 24 ತಾಸಿನೊಳಗೆ ಶುರು ಮಾಡಿದರೆ ಅದರ ಗುಣ ಹೆಚ್ಚು. ಜ್ವರ ಬೇಗ ಇಳಿಯುತ್ತದೆ, ಹೊಸ ಗುಳ್ಳೆ ಏಳುವುದು ಬೇಗ ನಿಲ್ಲುತ್ತದೆ. ದಿನಗಳು ಕಳೆದಂತೆ ಗುಣ ಇಳಿಯುತ್ತ ಹೋಗುತ್ತದೆ. ಅಮ್ಮ ಬಂದಳೋ ಅಲ್ಲವೋ ಎಂದು ತಿಳಿಯಲು ಒಂದು ದಿನ, ಹಿರಿಯರನ್ನು ಕೇಳಲು ಒಂದು ದಿನ, ವಾರ ಸರಿ ಇಲ್ಲ ಎಂದು ಇನ್ನೊಂದು ದಿನ. ನಮ್ಮ ಮನೆಗಳಲ್ಲಿ ಕೈಜಾರುವುದು ಸರಿಯಾಗಿ ಆ ದಿನಗಳೇ. ಹಾಲು ಕುಡಿಸುವ ತಾಯಿ ಇದನ್ನು ತೆಗೆದುಕೊಳ್ಳಬಹುದು. ಹಾಲಿನಲ್ಲಿ ಕೂಸಿಗೆ ಹೋಗುವುದು ತೀರ ಅಲ್ಪ.

ಮಕ್ಕಳಿಗೆ ಬಂದು ಹೋಗುವ ರೋಗಕ್ಕೆ ಇಷ್ಟೇಕೆ ಗದ್ದಲ ಎಂದು ಕೇಳುವ ಓದಿದ ಗಂಡಸರಿದ್ದಾರೆ. ಅವರ ಪುಸ್ತಕ ಶೀತ ದೇಶದ್ದು. ಅಲ್ಲಿ ಲಸಿಕೆ ಬರುವ ಮುಂಚೆ ಇದು ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಚಿಕ್ಕಂದಿನಲ್ಲೇ ಬಂದು ಮುಗಿಯುತ್ತಿತ್ತು. ನಮ್ಮಂಥ ಬಿಸಿಲಿನ ನಾಡುಗಳಲ್ಲಿ ಬಾಲ್ಯದಲ್ಲಿ ತಪ್ಪಿಸಿಕೊಂಡು ದೊಡ್ಡವರಾದ ಮೇಲೆ ಸಿಕ್ಕಿಬೀಳುವವರು ಹೆಚ್ಚು. ಮಕ್ಕಳಲ್ಲಿ ಹಗುರಾಗಿ ಹೋಗುವುದು ದೊಡ್ಡವರಲ್ಲಿ ಶ್ವಾಸಕೋಶಕ್ಕೆ ಇಳಿಯಬಹುದು. ಬಸುರಿಗೆ ಬಂದರೆ ಇನ್ನೂ ಕಠಿಣ. ಹೊಸದಾಗಿ ತಾಯಾದ ವಯಸ್ಸು, ದೊಡ್ಡವಳಾದ ಮೇಲೆ ಈ ರೋಗ ಬರುವ ವಯಸ್ಸು, ಎರಡೂ ಒಂದೇ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಕೂಸನ್ನು ಕಸಿಯುವ ವಿಷಯ. ಇದರ ಮೇಲೆ ನನಗಿರುವಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಇಲ್ಲ. ಈ ರೋಗ ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಉಸಿರಿನಿಂದ ಹಬ್ಬಲು ಶುರುವಾಗುತ್ತದೆ. ಗುಳ್ಳೆ ನೋಡಿ ಅತ್ತೆ ಕೂಸನ್ನು ಎತ್ತಿಕೊಂಡು ಓಡುವ ಹೊತ್ತಿಗೆ, ಆ ಕೂಸು ಎರಡು ರಾತ್ರಿ ತಾಯಿಯ ಮುಖಕ್ಕೆ ಮುಖ ಹಚ್ಚಿ ಮಲಗಿ ಆಗಿದೆ. ತಗಲುವುದು ತಗಲಿಯಾಗಿದೆ. ಇನ್ನು ಕಸಿಯುವುದರಿಂದ ಅದು ಕಳೆದುಕೊಳ್ಳುವುದು ಹಾಲನ್ನು. ಆ ಹಾಲಿನಲ್ಲಿ ತಾಯಿಯ ಮೈ ಈ ರೋಗದ ವಿರುದ್ಧ ಹೊಸದಾಗಿ ತಯಾರು ಮಾಡುವ ರಕ್ಷಣೆಯೂ ಸ್ವಲ್ಪ ಇರುತ್ತದೆ. ಮೊಲೆತೊಟ್ಟಿನ ಮೇಲೆ ಗುಳ್ಳೆ ಎದ್ದಿದ್ದರೆ ಆ ಬದಿಯದನ್ನು ಹಿಂಡಿ ತೆಗೆದು ಇನ್ನೊಂದು ಬದಿ ಕುಡಿಸಬೇಕು. ಉಳಿದ ಗುಳ್ಳೆಗಳ ಮೇಲೆ ತೆಳ್ಳನೆಯ ಬಟ್ಟೆ ಮುಚ್ಚಬೇಕು, ಪ್ರತಿ ಸಲ ಸಾಬೂನಿನಿಂದ ಕೈ ತೊಳೆಯಬೇಕು. ಕುಡಿಸುವಾಗ ಬಿಟ್ಟು ಉಳಿದ ಹೊತ್ತಿನಲ್ಲಿ ಕೂಸನ್ನು ಎತ್ತಿ ಆಡಿಸಲು, ಬಟ್ಟೆ ಬದಲಿಸಲು, ಮುಂಚೆ ಬಂದು ಹೋದವರೊಬ್ಬರು ಮನೆಯಲ್ಲಿರಬೇಕು. ನಮ್ಮ ಮನೆಯಲ್ಲಿ ಚಿಗವ್ವ ಇದ್ದಂತೆ.

ಇಲ್ಲಿ ಒಂದು ಮಾತು ತಪ್ಪದೆ ಹೇಳಬೇಕು. ಹೆರಿಗೆಗೆ ಐದು ದಿನ ಮುಂಚಿನಿಂದ ಹೆರಿಗೆಯಾದ ಎರಡು ದಿನದೊಳಗೆ ತಾಯಿಗೆ ಗುಳ್ಳೆ ಎದ್ದರೆ, ಆ ಹಸುಗೂಸಿನ ಮಾತೇ ಬೇರೆ. ಅದಕ್ಕೆ ಪ್ರಾಣಾಪಾಯವಿದೆ, ದೊಡ್ಡ ದವಾಖಾನೆಯಲ್ಲಿ ವಿಶೇಷ ಚುಚ್ಚುಮದ್ದು ಬೇಕಾಗುತ್ತದೆ. ಅಲ್ಲಿ ಡಾಕ್ಟರು ಬೇರೆ ಇಡಿ ಎಂದರೆ ಇಡಬೇಕು. ಸ್ವಲ್ಪ ದೊಡ್ಡ ಕೂಸಿಗಾದರೂ ನೋಡಿ, ತಾಯಿಗೆ ಚಿಕ್ಕಂದಿನಲ್ಲಿ ಬಂದು ಹೋಗಿದ್ದರೆ ಅವಳ ರಕ್ತದಿಂದ ಬಂದ ರಕ್ಷಣೆ ಮೊದಲ ಕೆಲವು ತಿಂಗಳು ಕೂಸನ್ನು ಕಾಯುತ್ತದೆ. ಈಗ ಮೊದಲ ಸಲ ಬಂದ ತಾಯಿಯ ಕೂಸಿಗೆ ಆ ಆಸರೆ ಇರುವುದಿಲ್ಲ. ಅಂದರೆ ದವಾಖಾನೆಯ ಗರಜು ಇರುವುದು ಒಬ್ಬರಿಗಲ್ಲ, ಇಬ್ಬರಿಗೆ.

ನನ್ನ ಮಗನಿಗೂ ಬಂತು. ನನಗೆ ಕಾಣಿಸಿದ ಹದಿನೈದನೆಯ ದಿನ, ಮೂವತ್ತು ನಲವತ್ತು ಗುಳ್ಳೆ, ಎರಡು ದಿನ ಜ್ವರ, ಆಮೇಲೆ ಮತ್ತೆ ಅಂಬೆಗಾಲು. "ನೋಡಿದ್ಯಾ, ಹಾಲ ಕುಡಿಸಿ ಕೂಸಿಗೂ ಹಚ್ಚಿದಿ" ಎಂದು ಓಣಿಯ ಹೆಂಗಸರು ನನಗೆ ಕೇಳುವಂತೆಯೇ ಆಡಿದರು. ನಾನು ಗಣಿತ ಹೇಳುವ ಶಿಕ್ಷಕಿ, ಬಿಡಲಿಲ್ಲ. ತಗಲಿದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ, ಬಹಳ ಮಟ್ಟಿಗೆ ಎರಡು ವಾರ ಬೇಕು. ಹದಿನೈದರಿಂದ ಹಿಂದಕ್ಕೆ ಎಣಿಸಿರಿ ಎಂದೆ. ಎಣಿಸಿದರೆ ನನಗೆ ಇನ್ನೂ ಸರಿಯಾಗಿ ಗುಳ್ಳೆ ಎದ್ದಿರದ ದಿನಕ್ಕೆ ಬರುತ್ತದೆ. ಓಣಿಯವರಿಗೆ ಈ ಲೆಕ್ಕ ಸೇರಲಿಲ್ಲ. ತಾಯಿಯ ಮೇಲೆ ಹೊರಿಸುವುದು ಸುಲಭದ ಲೆಕ್ಕ.

ಈ ಬ್ಯಾಡಗಳೆಲ್ಲ ಎಲ್ಲಿಂದ ಬಂದವು ಎಂದು ಬಹಳ ವರ್ಷ ಯೋಚಿಸಿದ್ದೇನೆ. ಅವು ಈ ರೋಗಕ್ಕೆ ಹುಟ್ಟಿದವಲ್ಲ. ನಮ್ಮ ಅಜ್ಜಿಯರು ಅಂಜಿದ್ದು ದೊಡ್ಡ ಸಿಡುಬಿಗೆ, ನಮ್ಮ ಕಡೆ ಮೈಲಿಬೇನೆ ಎನ್ನುವುದಕ್ಕೆ. ಅದು ತಗಲಿದ ಹತ್ತು ಮಂದಿಯಲ್ಲಿ ಮೂವರನ್ನು ಒಯ್ಯುತ್ತಿತ್ತು, ಉಳಿದವರಲ್ಲಿ ಕೆಲವರ ಕಣ್ಣು ಕಸಿಯುತ್ತಿತ್ತು. ಬಂದ ಮೇಲೆ ಕೊಡುವ ಮದ್ದು ಆಗ ಇರಲೇ ಇಲ್ಲ. ಇಲ್ಲದ ಮದ್ದನ್ನು ಬೇಡ ಎಂದರೆ ನಷ್ಟವೇನಿತ್ತು? ಬಾಗಿಲಿಗೆ ಬೇವು ಕಟ್ಟಿ, ಹೊರಗಿನವರು ಬರಬೇಡಿ ಎಂದು ಸಾರಿದ್ದು ಜಾಣತನ. ಓದು ಬಾರದವರಿಗೂ ತಿಳಿಯುವ ಬೋರ್ಡು ಅದು. ಹಸಿ ಬೇವು, ತಂಪಿನ ಊಟ, ಪೂರಾ ವಿಶ್ರಾಂತಿ, ಇವುಗಳಲ್ಲಿ ಒಂದನ್ನೂ ನಾನು ಹಳಿಯುವುದಿಲ್ಲ. ಆದರೆ ಆ ದೊಡ್ಡ ಸಿಡುಬು 1975ರ ಮೇ ತಿಂಗಳಿಗೆ ನಮ್ಮ ದೇಶ ಬಿಟ್ಟಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿನಿಂದಲೇ ಅದು ಹೋಯಿತೆಂದು ಸಾರಿತು. ಹೋದ ರೋಗದ ನಿಯಮಗಳನ್ನು ಇರುವ ರೋಗಕ್ಕೆ ಹಚ್ಚಿ, ಮದ್ದಿರುವ ಕಾಲದಲ್ಲಿ ಮದ್ದಿಲ್ಲದ ಕಾಲದ ಶಿಸ್ತು ಪಾಲಿಸುತ್ತಿದ್ದೇವೆ.

ಆ ದೊಡ್ಡ ಸಿಡುಬಾದರೂ ಹೋದದ್ದು ಹೇಗೆ? ಉಡಿ ತುಂಬಿದ್ದರಿಂದ ಮಾತ್ರವಲ್ಲ. ತೋಳಿಗೆ ಮೈಲಿ ಹಾಕಿಸಿಕೊಂಡದ್ದರಿಂದ. ನಮ್ಮ ಹಿರಿಯರ ತೋಳಿನ ಮೇಲಿನ ದುಂಡನೆಯ ಕಲೆ ಅದೇ. 1805ರ ಸುಮಾರಿಗೆ ಮೈಸೂರು ಅರಮನೆಯ ಹೆಂಗಸರ ಒಂದು ಚಿತ್ರ ಬರೆಯಲಾಯಿತು. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಸೀರೆಯ ಸೆರಗು ಸರಿಸಿ ತೋಳನ್ನು ತೋರಿಸುತ್ತಿರುವುದು ಮೈಲಿ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಜೆನ್ನರ್ ಇಂಗ್ಲೆಂಡಿನಲ್ಲಿ ಮೊದಲ ಮೈಲಿ ಹಾಕಿದ್ದು 1796ರಲ್ಲಿ. ಹತ್ತು ವರ್ಷ ತುಂಬುವುದರೊಳಗೆ ನಮ್ಮ ನಾಡಿನ ಒಬ್ಬ ರಾಣಿ ಅದನ್ನು ಹಾಕಿಸಿಕೊಂಡು, ಬೇರೆ ಹೆಂಗಸರಿಗೆ ಧೈರ್ಯ ಬರಲೆಂದು ಚಿತ್ರಕ್ಕೂ ಕೂತಳು. ಆಗ ಪದ್ಧತಿ ಅಡ್ಡ ಬರಲಿಲ್ಲ, ಈಗ ಹಾನಗಲ್ಲಿನ ಓಣಿಯಲ್ಲಿ ಅಡ್ಡ ಬರುತ್ತದೆ.

ದೇವಿ ಸಿಟ್ಟಾಗುತ್ತಾಳೆ ಎಂಬವರಿಗೆ ಶಿರಸಿಯ ಮಾರಿಕಾಂಬೆಯನ್ನು ನೆನಪಿಸುತ್ತೇನೆ. ನಮ್ಮ ಕಡೆಯವರು ಎರಡು ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗುವ ಜಾತ್ರೆ ಅದು. ಅವಳ ಮೂಲ ಹಾನಗಲ್ಲೇ ಎಂದು ಐತಿಹ್ಯವಿದೆ. ಇಲ್ಲಿಂದ ಕಳ್ಳರು ಒಡವೆಯ ಜೊತೆ ಕದ್ದೊಯ್ದ ಪೆಟ್ಟಿಗೆಯನ್ನು ಶಿರಸಿಯ ಕೆರೆಯಲ್ಲಿ ಎಸೆದರಂತೆ, ಅಲ್ಲಿ ಅವಳು ಎದ್ದಳಂತೆ. ಆ ಗುಡಿಯಲ್ಲಿ ಹಿಂದೆ ಕೋಣನ ಬಲಿ ನಡೆಯುತ್ತಿತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಬಲಿಯ ಕಾರಣಕ್ಕೆ ಗುಡಿಗೆ ಹೋಗಲು ಒಪ್ಪಲಿಲ್ಲ. ಅಲ್ಲಿನವರೇ ಮುಂದೆ ನಿಂತು ಬಲಿಯನ್ನು ನಿಲ್ಲಿಸಿದರು. ದೇವಿ ಮುನಿದಳೇ? ಜಾತ್ರೆ ಆಮೇಲೂ ಬೆಳೆಯುತ್ತಲೇ ಹೋಯಿತು. ಕೋಣನನ್ನು ಬಿಟ್ಟುಕೊಟ್ಟವಳು ಒಂದು ಗುಳಿಗೆಗೆ ಮುನಿಯುವಳೆಂದು ನಾನು ನಂಬಲಾರೆ. ನಾನೂ ಒಂಬತ್ತನೆಯ ದಿನ ಉಡಿ ತುಂಬಿದೆ, ಮೊಸರನ್ನದ ಎಡೆ ಹಿಡಿದೆ. ಏಳು ದಿನದ ಗುಳಿಗೆ ಮುಗಿಸಿಯೇ ಹಿಡಿದೆ.

ಇದು ಇಪ್ಪತ್ತೈದು ಮೂವತ್ತು ವರ್ಷದ ಹಿಂದಿನ ಕತೆ, ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ನಾನೂ ಹಾಗೆಂದೇ ತಿಳಿದಿದ್ದೆ, 2023ರ ಬೇಸಿಗೆಯಲ್ಲಿ ಸವಣೂರಿಗೆ ನಾದಿನಿಯ ಮನೆಗೆ ಹೋಗುವತನಕ. ಅವಳ ಪಕ್ಕದ ಮನೆಯಲ್ಲಿ ಒಬ್ಬ ಹುಡುಗಿ, ನಾಲ್ಕು ತಿಂಗಳ ಕೂಸು, ಗಂಡ ಬೆಂಗಳೂರಿನಲ್ಲಿ ಕೆಲಸಕ್ಕೆ. ಪದವಿ ಓದಿದವಳು, ಕೈಯಲ್ಲಿ ದೊಡ್ಡ ಫೋನು. ಅವರ ಮನೆಯ ಅಜ್ಜಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದಿತ್ತು. ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ, ಅದೇ ಮಡಿಲಲ್ಲಿ ಕೂಸನ್ನು ಆಡಿಸುತ್ತಿದ್ದರು, ಅಜ್ಜಿಯ ಬಟ್ಟೆ ಒಗೆಯುತ್ತಿದ್ದವಳು ಈ ಹುಡುಗಿ. ಸರ್ಪಸುತ್ತು ಬೇರೆ ರೋಗವಲ್ಲ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವಿಷಾಣು ನರದ ಬುಡದಲ್ಲಿ ಮಲಗಿದ್ದು ಮುಪ್ಪಿನಲ್ಲಿ ಎದ್ದು ಬರುವುದೇ ಸರ್ಪಸುತ್ತು. ಅದರ ಗುಳ್ಳೆಯ ನೀರು ತಗಲಿದರೆ, ಮುಂಚೆ ಬರದವರಿಗೆ ಸೀತಾಳೆ ಸಿಡುಬು ಬರುತ್ತದೆ. ಹುಡುಗಿಗೆ ಎರಡು ವಾರದ ಮೇಲೆ ಬಂತು.

ಅವಳಿಗೆ ಮೂರು ದಿನ ಬರೀ ಬೇವು. ನಾಲ್ಕನೆಯ ದಿನ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಅತ್ತೆಯಾದವರು ಬೀದಿ ತುದಿಯ ಅಂಗಡಿಯಿಂದ ಮೈಕೈ ನೋವಿನ ಗುಳಿಗೆ ತರಿಸಿ ಕೊಟ್ಟರು. ದವಾಖಾನೆ ಬೇಡವೆಂದವರಿಗೆ ಅಂಗಡಿಯ ಗುಳಿಗೆ ಹೇಗೆ ನಡೆಯಿತೋ ತಿಳಿಯದು. ಈ ರೋಗದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳನ್ನು ಕೊಡಬಾರದು, ಮಕ್ಕಳಿಗಂತೂ ಕೂಡದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಸೂಜಿಗೆ ಅಂಜುವ ಮುದುಕಿಯರ ಮಾತಿನಲ್ಲಿಯೂ ಒಂದು ಎಳೆ ನಿಜವಿದೆ ಎಂದು ನನಗನಿಸುತ್ತದೆ. ಏನು ಎತ್ತ ನೋಡದೆ ಸ್ಟಿರಾಯ್ಡ್ ಸೂಜಿ ಹಾಕಿದರೆ ಈ ರೋಗ ಕೆರಳಬಹುದು. ಆದರೆ ಅದಕ್ಕೆ ಉಪಾಯ ಸರಿಯಾದ ಡಾಕ್ಟರು, ಡಾಕ್ಟರೇ ಇಲ್ಲದಿರುವುದಲ್ಲ. ಹುಡುಗಿಯನ್ನು ಹುಬ್ಬಳ್ಳಿಗೆ ಒಯ್ದದ್ದು ಐದನೆಯ ದಿನ ರಾತ್ರಿ. ಹನ್ನೊಂದು ದಿನ ಆಕ್ಸಿಜನ್ ಕೊಳವೆ ಹಚ್ಚಿಕೊಂಡು ಮಲಗಿ ಎದ್ದು ಬಂದಳು. ಬರುವಷ್ಟರಲ್ಲಿ ಹಾಲು ಬತ್ತಿತ್ತು. "ಕೂಸ ನನ್ನ ಗುರುತ ಹಿಡಿಲಿಲ್ರೀ ಅಕ್ಕಾರ" ಎಂದು ನನ್ನ ಮುಂದೆ ಅತ್ತಳು.

ಆ ಮನೆಯಲ್ಲಿ ಬಡತನವಿರಲಿಲ್ಲ. ಕಾರು ಇತ್ತು. ಗಂಡ ದಿನಕ್ಕೆ ನಾಲ್ಕು ಸಲ ವಿಡಿಯೊ ಕಾಲಿನಲ್ಲಿ ಅವಳ ಮೋರೆ ನೋಡುತ್ತಿದ್ದ. ಇಂಥ ಗಂಡಸರ ಮೇಲೆ ನನಗೆ ಮುದುಕಿಯರ ಮೇಲಿಗಿಂತ ಹೆಚ್ಚು ಸಿಟ್ಟು. ಮೂಢನಂಬಿಕೆ ಎಂದು ಗೆಳೆಯರ ಮುಂದೆ ನಗುತ್ತಾರೆ, ಮನೆಯಲ್ಲಿ ಅವ್ವನ ಮಾತು ಎಂದು ಕೈ ಕಟ್ಟಿ ನಿಲ್ಲುತ್ತಾರೆ. ಮೋಟರ್ ಸೈಕಲ್ಲಿಗೆ ಸಣ್ಣ ಸದ್ದು ಬಂದರೆ ಅದೇ ಸಂಜೆ ಮೆಕ್ಯಾನಿಕ್ಕನ ಹತ್ತಿರ ಒಯ್ಯುವವರು ಇವರು.

ಮನೆಯಲ್ಲಿ ಹೇಗೆ ನಿಭಾಯಿಸುವುದು ಎಂದು ಕೇಳುವ ತಂಗಿಯರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಉಗುರು ಮೊದಲು ಕತ್ತರಿಸಿರಿ, ನಿಮ್ಮದೂ ಕೂಸಿನದೂ. ಮೈ ತೊಳೆಯಬಾರದು ಎಂಬುದನ್ನು ಕೇಳಬೇಡಿರಿ. ಉಗುರುಬೆಚ್ಚಗಿನ ನೀರಿನಲ್ಲಿ ದಿನವೂ ಮೈ ತೊಳೆದು, ಉಜ್ಜದೆ ಒತ್ತಿ ಒರೆಸಿದರೆ ತುರಿಕೆಯೂ ಕಡಿಮೆ, ಗುಳ್ಳೆ ಕೀವಾಗುವುದೂ ಕಡಿಮೆ. ನೀರಿಗೆ ಬೇವು ಹಾಕುವುದಾದರೆ ಹಾಕಿರಿ, ಅತ್ತೆಗೂ ಸಮಾಧಾನ. ತುರಿಕೆಗೆ ಕ್ಯಾಲಮೈನ್ ಎಂಬ ಗುಲಾಬಿ ಬಣ್ಣದ ಲೇಪನ ಅಂಗಡಿಯಲ್ಲಿ ಸಿಗುತ್ತದೆ, ಮೊಲೆಗೆ ಮಾತ್ರ ಹಚ್ಚಬೇಡಿರಿ. ಹಳೆಯ ಧೋತರದ ಮೆತ್ತನೆಯ ಅರಿವೆ ಹಾಸಿಕೊಳ್ಳಿರಿ. ಬಾಯೊಳಗೂ ಗುಳ್ಳೆ ಏಳುವುದರಿಂದ ಖಾರ ಸಹಜವಾಗಿ ಸೇರುವುದಿಲ್ಲ. ಆದರೆ ಉಪ್ಪಿಲ್ಲದ ಸಪ್ಪೆ ಗಂಜಿಯಲ್ಲೇ ದಿನ ದೂಡುವುದು ಹಾಲುಣಿಸುವ ಹೆಂಗಸಿಗೆ ಊಟವಲ್ಲ. ಮಜ್ಜಿಗೆ ಅನ್ನ, ತೊವ್ವೆ, ಬಾಳೆಹಣ್ಣು, ಎಳನೀರು, ಏನು ಇಳಿಯುತ್ತದೋ ಅದನ್ನು ಹೊಟ್ಟೆ ತುಂಬ ಉಣ್ಣಿರಿ. ರಾತ್ರಿ ತುರಿಕೆಗೆ ನಿದ್ದೆ ಬರುವುದಿಲ್ಲ, ಹಗಲು ಕೂಸು ಮಲಗಿದಾಗ ಮಲಗಿರಿ. ರೊಟ್ಟಿ ಬೇರೆ ಯಾರಾದರೂ ತಟ್ಟಲಿ. ಕೆಮ್ಮು, ಏದುಸಿರು, ಎದೆನೋವು, ನಾಲ್ಕೈದು ದಿನ ಕಳೆದರೂ ಇಳಿಯದ ಜ್ವರ, ತಲೆ ಸಿಡಿದು ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿರಿ. ಕೂಸು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಮಂಪರಾಗಿದ್ದರೆ ಅದಕ್ಕೂ ಇದೇ ಮಾತು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವತನಕ ಬಸುರಿಯರನ್ನು ಹತ್ತಿರ ಬರಗೊಡಬೇಡಿರಿ.

ಇಷ್ಟೆಲ್ಲ ಪಾಡು ಬಾರದಂತೆಯೇ ತಡೆಯುವ ಲಸಿಕೆ ಇದೆ. ಜಪಾನಿನ ಡಾಕ್ಟರ್ ಮಿಚಿಯಾಕಿ ತಕಾಹಾಶಿ ಎಂಬವರ ಮೂರು ವರ್ಷದ ಮಗನಿಗೆ 1964ರಲ್ಲಿ ಈ ರೋಗ ಜೋರಾಗಿ ಬಂದು, ತಂದೆತಾಯಿ ರಾತ್ರಿಯೆಲ್ಲ ಕೂತು ಕಾಯಬೇಕಾಯಿತಂತೆ. ಅದೇ ಛಲಕ್ಕೆ ಬಿದ್ದು ಅವರು 1974ರ ಹೊತ್ತಿಗೆ ಲಸಿಕೆ ತಯಾರಿಸಿದರು. ಅಮೆರಿಕದಲ್ಲಿ 1995ರಿಂದ ಮಕ್ಕಳಿಗೆ ಹಾಕುತ್ತಿದ್ದಾರೆ. ನಮ್ಮಲ್ಲಿ ಖಾಸಗಿ ದವಾಖಾನೆಯಲ್ಲಿ ಕಾಸು ಕೊಟ್ಟರೆ ಸಿಗುತ್ತದೆ, ಸರಕಾರ ಪುಕ್ಕಟೆ ಹಾಕುವ ಲಸಿಕೆಗಳ ಯಾದಿಯಲ್ಲಿ ಈವರೆಗೆ ಸೇರಿಲ್ಲ. ಅಂಗನವಾಡಿಯಲ್ಲಿ ಎಲ್ಲ ಹಾಕಿಸಿದ್ದೇವೆ ಎನ್ನುವ ತಾಯಂದಿರು ಗಮನಿಸಬೇಕು. 2017ರಲ್ಲಿ ಶಾಲೆ ಶಾಲೆಗೆ ಬಂದು ಹಾಕಿದ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ, ಇದಕ್ಕಲ್ಲ. ನಮ್ಮ ಶಿಗ್ಗಾವಿಯ ಶಾಲೆಯಲ್ಲಿಯೇ ಎಷ್ಟೋ ಪಾಲಕರು ಇದೇ ಅದು ಎಂದು ತಿಳಿದಿದ್ದರು.

ಎಲ್ಲ ಮಕ್ಕಳಿಗೂ ಒಮ್ಮೆಗೇ ಕೊಡಲು ದುಡ್ಡಿಲ್ಲ ಎಂದು ಸರಕಾರ ಹೇಳಬಹುದು. ಹಾಗಾದರೆ ಹುಡುಗಿಯರಿಂದ ಶುರು ಮಾಡಲಿ. ಚಿಕ್ಕಂದಿನಲ್ಲಿ ಬಂದು ಹೋಗದ, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿಗೆ ತಾಲೂಕು ದವಾಖಾನೆಯಲ್ಲಿ ಕೊಡಲಿ. ದೊಡ್ಡವರಿಗೆ ಎರಡು ಡೋಸು, ನಡುವೆ ಕನಿಷ್ಠ ನಾಲ್ಕು ವಾರ. ಬಸುರಿಗೆ ಹಾಕುವಂತಿಲ್ಲ, ಹಾಕಿಸಿಕೊಂಡ ಮೇಲೆ ಕನಿಷ್ಠ ಒಂದು ತಿಂಗಳು ಬಸುರಾಗ ಕೂಡದು. ಆದ್ದರಿಂದಲೇ ಮುಂಚೆ ಹಾಕಬೇಕು ಎನ್ನುವುದು. ಹೆರಿಗೆಯಾದ ಮೇಲೆ ಹಾಲುಣಿಸುವಾಗ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ. ಮನೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದ ಮೂರರಿಂದ ಐದು ದಿನದೊಳಗೆ ಹಾಕಿಸಿಕೊಂಡರೂ ಉಪಯೋಗವಿದೆ. ಗರ್ಭಿಣಿಯ ಹೆಸರು ಬರೆದುಕೊಳ್ಳುವಾಗ ಆಶಾ ಕಾರ್ಯಕರ್ತೆ ನೂರು ಪ್ರಶ್ನೆ ಕೇಳುತ್ತಾಳೆ. ನಿನಗೆ ಅಮ್ಮ ಬಂದು ಹೋಗಿದೆಯೇ ಎಂದು ನೂರಾ ಒಂದನೆಯದನ್ನು ಕೇಳಿ ಬರೆದಿಟ್ಟರೆ ಖರ್ಚೇನು?

ನಮ್ಮ ಮಗನ ಮದುವೆ ಗೊತ್ತಾದಾಗ ನಾನೇ ಈ ಪ್ರಶ್ನೆಯನ್ನು ಬೀಗತಿಗೆ ಕೇಳಿದೆ. ಹುಡುಗಿಗೆ ಬಂದಿಲ್ಲ ಎಂದರು. ರಕ್ತ ಪರೀಕ್ಷೆ ಮಾಡಿಸಿದೆವು, ಬಂದಿಲ್ಲ ಎಂಬುದೇ ಖಚಿತವಾಯಿತು. ಲಗ್ನಕ್ಕೆ ಮುಂಚೆ ಹುಡುಗಿಗೆ ಇದೇನು ಸೂಜಿ ಎಂದು ಅವರ ಕಡೆಯ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದರು. ಎರಡು ಡೋಸಿನ ಬಿಲ್ಲನ್ನು ಜವಳಿಯ ಬಿಲ್ಲಿನ ಪಕ್ಕದಲ್ಲಿಟ್ಟು ತೋರಿಸಿದೆ. ಒಂದು ರೇಷ್ಮೆ ಸೀರೆಗಿಂತ ಕಡಿಮೆ ಇತ್ತು. ಆ ಸೀರೆಯನ್ನು ನಾನು ಕಡಿಮೆ ಮಾಡಿದೆ. ಹುಡುಗಿ ಬೇಜಾರಾಗಲಿಲ್ಲ, ಬೀಗತಿ ಆದರು.